ಮರದ ಮೇಲಿನ ಮಾಳ: ಹತ್ತುವ ಮುಂಚೆ ಇಷ್ಟು ನೋಡಿ

ಭತ್ತ ಹಾಲು ತುಂಬುವ ಹೊತ್ತು ಬಂತು. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಗದ್ದೆ ಕಾಯಲು ಎತ್ತರದಲ್ಲಿ ಕಟ್ಟುವ ಅಟ್ಟಣೆ, ಅಂದರೆ ಮಾಳದ ಬಗ್ಗೆಯೇ ಇವೆ. ಅಡಿಕೆ ಕೊನೆ ತೆಗೆಯುವ ಕೆಲಸದಲ್ಲೇ ಬೆಳೆದವನು ನಾನು. ಮರ ಹತ್ತುವವರ ಕಷ್ಟ ಗೊತ್ತು. ಹಾಗಾಗಿ ಮೊದಲ ಪ್ರಶ್ನೆಗೆ ಸ್ವಲ್ಪ ಜಾಸ್ತಿಯೇ ಬರೆದಿದ್ದೇನೆ.

ಪ್ರಶ್ನೆ: ನನ್ನ ಅಕ್ಕನ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಜಿಂಕೆ ಬೇಟೆಗೆ ಮರಕ್ಕೆ ಕಟ್ಟುವ ಕಬ್ಬಿಣದ ಅಟ್ಟಣೆ ಸಿಗುತ್ತಂತೆ. ಊರಿಗೆ ಬರುವಾಗ ಒಂದು ತರುತ್ತೇನೆ ಅನ್ನುತ್ತಾನೆ. ನಮ್ಮಲ್ಲಿ ಹಂದಿ ಕಾಟ ವಿಪರೀತ. ಬೆಳೆ ರಕ್ಷಣೆಯ ಕೋವಿ ಲೈಸೆನ್ಸೂ ಇದೆ. ಯಾವ ಥರದ್ದು ತರಿಸಲಿ, ಹೇಗೆ ಕಟ್ಟಲಿ?
– ಒಬ್ಬ ಓದುಗರು, ಹೊಸನಗರ ತಾಲೂಕು

ಉತ್ತರ: ಮೊದಲು ಕೋವಿಯ ಮಾತು ಮುಗಿಸೋಣ. ಅಲ್ಲಿ ಸರ್ಕಾರವೇ ಬೇಟೆಗೆ ಕಾಲ ಗೊತ್ತು ಮಾಡಿ ಲೈಸೆನ್ಸ್ ಕೊಡುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಕಾಡುಹಂದಿಯೂ ಆ ಕಾಯ್ದೆಯ ಪಟ್ಟಿಯಲ್ಲಿದೆ. ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಬೇರೆ, ಹಂದಿ ಹೊಡೆಯುವ ಅನುಮತಿ ಬೇರೆ. ಎರಡನೆಯದು ಅರಣ್ಯ ಇಲಾಖೆಯಿಂದಲೇ ಬರಬೇಕು. ಬೆಳೆ ಹಾಳಾಗಿದ್ದರೆ ಫೋಟೊ ತೆಗೆದು ವಲಯ ಅರಣ್ಯ ಕಚೇರಿಯಲ್ಲಿ ಪರಿಹಾರಕ್ಕೆ ಅರ್ಜಿ ಕೊಡಿ. ಪರಿಹಾರ ಕಡಿಮೆ, ಓಡಾಟ ಜಾಸ್ತಿ ಅಂತ ಬಿಟ್ಟುಬಿಡಬೇಡಿ. ಮಾಳದಲ್ಲಿ ಕೂತು ಟಾರ್ಚ್ ಬಿಡಿ, ಡಬ್ಬ ಬಡಿಯಿರಿ, ಕೂಗು ಹಾಕಿ. ಉರುಳು ಹಾಕುವುದು, ಬೇಲಿಗೆ ಕರೆಂಟ್ ಕೊಡುವುದು ಬೇಡವೇ ಬೇಡ. ಹಾಗೆ ಕರೆಂಟ್ ಕೊಟ್ಟ ಬೇಲಿಗೆ ಮನೆಯವರೇ ಕೈ ತಾಗಿಸಿ ಸತ್ತದ್ದಿದೆ.

ಈಗ ಅಟ್ಟಣೆಗೆ ಬರೋಣ. ಅಲ್ಲಿನವರು ಬಳಸುವುದರಲ್ಲಿ ಮುಖ್ಯವಾಗಿ ಮೂರು ಬಗೆ. ಏಣಿಯ ಜೊತೆಗೇ ಬರುವುದು ಒಂದು. ಮರಕ್ಕೆ ಪಟ್ಟಿಯಲ್ಲಿ ಬಿಗಿದು ನೇತುಹಾಕುವ ಸಣ್ಣ ಹಲಗೆ ಇನ್ನೊಂದು. ಅದಕ್ಕೆ ಏಣಿ ಬೇರೆಯೇ ಬೇಕು. ಮೂರನೆಯದು ಎರಡು ತುಂಡಿನದು. ಕಾಂಡವನ್ನು ಕಚ್ಚಿ ಹಿಡಿಯುತ್ತದೆ, ಕೂತು ಎದ್ದು ಅದನ್ನೇ ಮೇಲಕ್ಕೆ ಸರಿಸುತ್ತಾ ಹತ್ತಬೇಕು.

ಈ ಮೂರನೆಯದನ್ನು ಖಂಡಿತ ತರಿಸಬೇಡಿ. ಅದಕ್ಕೆ ನೆಟ್ಟಗಿನ, ಕೊಂಬೆಯಿಲ್ಲದ, ಮೇಲೆ ಒದ್ದೆಯಿಲ್ಲದ ಕಾಂಡ ಬೇಕು. ನಮ್ಮ ಮರಗಳ ಮೇಲೆ ನವೆಂಬರ್ ತನಕ ಪಾಚಿ ಹಾಗೇ ಇರುತ್ತದೆ. ಜಾರುವುದು ಗ್ಯಾರಂಟಿ. ನೇತುಹಾಕುವ ಹಲಗೆ ಹಗುರ, ಆದರೆ ಏಣಿಯಿಂದ ಅದರ ಮೇಲೆ ಕಾಲಿಡುವ ಆ ಒಂದು ಹೆಜ್ಜೆ ತುಂಬಾ ಕೆಟ್ಟದ್ದು. ತರಿಸುವುದೇ ಆದರೆ ಏಣಿಯದ್ದು ತರಿಸಿ. ಅದು ಭಾರ, ವಿಮಾನದಲ್ಲಿ ತರುವ ಖರ್ಚನ್ನೂ ಲೆಕ್ಕ ಹಾಕಿ. ಹೆಚ್ಚಿನವುಗಳ ಮೇಲೆ 300 ಪೌಂಡ್, ಅಂದರೆ ಸುಮಾರು 136 ಕಿಲೋ ತಡೆಯುತ್ತದೆ ಎಂದು ಬರೆದಿರುತ್ತದೆ. ನಿಮ್ಮ ತೂಕ, ಕಂಬಳಿ, ಚೀಲ, ಎಲ್ಲಾ ಸೇರಿದ ಲೆಕ್ಕ ಅದು. ಒಬ್ಬರು ಕೂರುವ ಅಟ್ಟಣೆಯಲ್ಲಿ ಮಾತಿಗೆ ಸಿಕ್ಕರು ಅಂತ ಇಬ್ಬರು ಕೂರಬಾರದು.

ನನ್ನನ್ನು ಕೇಳಿದರೆ, ಅದಕ್ಕೆ ಹಾಕುವ ದುಡ್ಡಲ್ಲಿ ನಿಮ್ಮ ಗದ್ದೆಯಂಚಿನಲ್ಲೇ ನಾಲ್ಕು ಕಂಬದ ಮಾಳ ಕಟ್ಟಿಸಿ. ನಮ್ಮ ಹಿರಿಯರು ಮಾಡುತ್ತಿದ್ದದ್ದೂ ಅದನ್ನೇ. ಕಂಬ ಎರಡೂವರೆ ಅಡಿ ನೆಲದಲ್ಲಿ ಹೂಳಿರಲಿ. ಕಂಬದಿಂದ ಕಂಬಕ್ಕೆ ಓರೆಯಾಗಿ ಅಡ್ಡಪಟ್ಟಿ ಹೊಡೆಯಿರಿ. ಇದನ್ನು ಬಿಡುವವರೇ ಜಾಸ್ತಿ. ಓರೆ ಪಟ್ಟಿ ಇಲ್ಲದ ಮಾಳ ಗಾಳಿಗೆ ಓಲಾಡಿ ಓಲಾಡಿ ಕಟ್ಟು ಸಡಿಲವಾಗುತ್ತದೆ. ನೆಲಕ್ಕೆ ಅಡಿಕೆ ದಬ್ಬೆ ಹಾಕಿದ್ದರೆ ಅದನ್ನು ಪ್ರತಿ ವರ್ಷ ಬದಲಿಸಿ. ಮೇಲೆ ಗಟ್ಟಿ ಕಾಣುವ ದಬ್ಬೆ ಒಂದು ಮಳೆಗಾಲ ಕಳೆದರೆ ಒಳಗೆ ಮೆತ್ತಗಾಗಿರುತ್ತದೆ. ಬಿದಿರು ಬಳಸಿದ್ದರೆ ಕುಟ್ಟೆ, ಅಂದರೆ ಹುಳು ಕೊರೆದ ಪುಡಿ, ಉದುರುತ್ತಿದೆಯಾ ನೋಡಿ. ಸುತ್ತ ಮೂರಡಿ ಎತ್ತರದ ಕಟಾಂಜನ ಇರಲಿ. ನಿದ್ದೆಯ ಮಂಪರಲ್ಲಿ ಎದ್ದವರಿಗೆ ಅಂಚು ಎಲ್ಲಿದೆ ಅಂತ ಗೊತ್ತಾಗುವುದಿಲ್ಲ.

ಮರದಲ್ಲೇ ಕಟ್ಟಬೇಕಾದ ಜಾಗ ಇದ್ದರೆ ಮರ ನೋಡಿ ಆರಿಸಿ. ಮತ್ತಿ, ನಂದಿ, ಹೊನ್ನೆ, ಒಳ್ಳೆ ಬಲಿತ ಮಾವು, ಇವು ನಂಬಬಹುದಾದ ಮರಗಳು. ಅಕೇಶಿಯ ಬೇಡ. ಅದರ ಬೇರು ಮೇಲೇ ಇರುತ್ತದೆ, ಗಾಳಿಗೆ ಬುಡಸಮೇತ ಬೀಳುತ್ತದೆ. ಹಾಲವಾಣ, ನುಗ್ಗೆ, ಬೂರುಗ ಮೆದು ಮರಗಳು. ಸಿಲ್ವರ್ ಓಕ್ ಕಾಂಡ ನೋಡಲು ಚೆಂದ, ಕೊಂಬೆ ಮಾತ್ರ ಪಟಕ್ಕನೆ ಮುರಿಯುತ್ತದೆ. ಬುಡದಲ್ಲಿ ಅಣಬೆ ಎದ್ದಿದ್ದರೆ, ಕತ್ತಿಯ ಹಿಂಬದಿಯಲ್ಲಿ ಬಡಿದಾಗ ಟೊಳ್ಳು ಸದ್ದು ಬಂದರೆ, ಆ ಮರ ಬಿಡಿ. ತಲೆಯ ಮೇಲೆ ಒಣಗಿದ ಕೊಂಬೆ ಇದೆಯಾ ಎಂದೂ ನೋಡಿ. ಹೆಜ್ಜೇನು ಕಟ್ಟಿದ ಮರದ ಹತ್ತಿರವೂ ಹೋಗಬೇಡಿ. ರಾತ್ರಿ ಟಾರ್ಚ್ ಬೆಳಕಿಗೇ ಅವು ಎದ್ದು ಬರುತ್ತವೆ. ಮರ ನಿಮ್ಮ ಜಮೀನಿನದ್ದೇ ಇರಲಿ. ಕಾಡಿನ ಮರಕ್ಕೆ ಕಟ್ಟಿದರೆ ಬೇರೆಯೇ ತೊಂದರೆ.

ಮೊಳೆ ಹೊಡೆಯಬೇಡಿ. ಮರ ಗಾಳಿಗೆ ಅಲ್ಲಾಡಿದ ಹಾಗೆ ಮೊಳೆಯ ತೂತು ದೊಡ್ಡದಾಗುತ್ತದೆ, ನೀರು ಇಳಿದು ಅಲ್ಲೇ ಕೊಳೆಯುತ್ತದೆ. ಲಾರಿಯವರು ಸಾಮಾನು ಬಿಗಿಯುವ ಪಟ್ಟಿ ಎಲ್ಲರ ಕೈಗೂ ಸಿಗುತ್ತದೆ, ಆದರೆ ಅಟ್ಟಣೆಯ ಜೊತೆ ಬಂದ ಪಟ್ಟಿ ಇದ್ದರೆ ಅದನ್ನೇ ಹಾಕಿ. ಕೊಯ್ಲು ಮುಗಿದ ಮೇಲೆ ಬಿಚ್ಚಿ ಒಳಗಿಡಿ. ಬಿಸಿಲಿಗೆ ಪಟ್ಟಿಯ ಎಳೆ ಸಾಯುತ್ತದೆ, ಅತ್ತ ಮರವೂ ದಪ್ಪವಾಗುತ್ತಾ ಬಿಗಿದ ಪಟ್ಟಿಯನ್ನು ಎಳೆಯುತ್ತಿರುತ್ತದೆ. ಎರಡು ಮರಗಳ ನಡುವೆ ತೊಲೆ ಹಾಕುವುದಾದರೆ ಒಂದು ತುದಿ ಗಟ್ಟಿಯಾಗಿ ಕಟ್ಟಿ, ಇನ್ನೊಂದು ತುದಿ ಸ್ವಲ್ಪ ಜರುಗುವ ಹಾಗೆ ಬಿಡಿ. ಎರಡು ಮರ ಒಂದೇ ರೀತಿ ಓಲಾಡುವುದಿಲ್ಲ.

ಎತ್ತರ 10–12 ಅಡಿ ಸಾಕು. ಜಿಂಕೆಯ ಕಣ್ಣು ತಪ್ಪಿಸಲು ಅಲ್ಲಿಯವರು 20 ಅಡಿ ಹತ್ತುತ್ತಾರೆ. ನಮಗೆ ಹಂದಿಗೆ ಕಾಣಿಸಬೇಕು, ಕೇಳಿಸಬೇಕು, ಅಲ್ವಾ?

ಇನ್ನು ಈ ಪತ್ರಗಳಲ್ಲಿ ಯಾರೂ ಕೇಳದ ಮಾತು. ಜನ ಬೀಳುವುದು ಮೇಲೆ ಕೂತಿದ್ದಾಗ ಕಡಿಮೆ. ಹತ್ತುವಾಗ, ಇಳಿಯುವಾಗ, ಏಣಿಯಿಂದ ಹಲಗೆಗೆ ಕಾಲು ಬದಲಿಸುವಾಗ ಜಾಸ್ತಿ. ನಮ್ಮೂರಲ್ಲಿ ಒಬ್ಬರು ರಾತ್ರಿಯೆಲ್ಲಾ ಚೆನ್ನಾಗಿ ಕಾದು, ಬೆಳಗಿನ ಜಾವ ಇಬ್ಬನಿಗೆ ಒದ್ದೆಯಾದ ಮೆಟ್ಟಿಲಲ್ಲಿ ಜಾರಿದರು. ಬೆನ್ನುಮೂಳೆಗೆ ಪೆಟ್ಟು. ಇವತ್ತಿಗೂ ಬಗ್ಗಿ ಒಂದು ಹೆಡಿಗೆ ಎತ್ತಲಾಗದು. ಆದ್ದರಿಂದ ಕಾಲು ನೆಲ ಬಿಟ್ಟಲ್ಲಿಂದ ಮತ್ತೆ ನೆಲ ಮುಟ್ಟುವ ತನಕ ಮೈಗೆ ಹಗ್ಗ ಇರಲೇಬೇಕು.

ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟ್ ಬೇಡ. ಭುಜ, ಎದೆ, ತೊಡೆ ಎಲ್ಲಾ ಹಿಡಿಯುವ ಹಾರ್ನೆಸ್ ಬೇಕು. ಕಟ್ಟಡ ಕೆಲಸದ ಸಾಮಾನು ಮಾರುವ ಅಂಗಡಿಯಲ್ಲಿ ಐಎಸ್ 3521 ಗುರುತು ಇರುವುದನ್ನು ಕೇಳಿ ತನ್ನಿ. ಅದರ ಜೊತೆ ಬರುವ ಹಗ್ಗ ಸುಮಾರು 6 ಅಡಿ ಉದ್ದ ಇರುತ್ತದೆ. 12 ಅಡಿಯ ಮಾಳದಲ್ಲಿ ಅದನ್ನು ಕಾಲ ಬುಡದಲ್ಲಿ ಕಟ್ಟಿದರೆ ಹಗ್ಗ ಬಿಗಿಯುವಷ್ಟರಲ್ಲಿ ನೆಲಕ್ಕೆ ಬಿದ್ದಾಗಿರುತ್ತದೆ. ಅದಕ್ಕೇ ತಲೆಗಿಂತ ಮೇಲೆ, ಕೂತಾಗ ಸಡಿಲವೇ ಉಳಿಯದ ಹಾಗೆ ಗಿಡ್ಡವಾಗಿ ಕಟ್ಟಬೇಕು. ಹತ್ತಿ ಇಳಿಯಲು ಬೇರೆ ಹಗ್ಗ: ಮೇಲೆ ಮರಕ್ಕೆ ಗಟ್ಟಿಯಾಗಿ ಕಟ್ಟಿ ನೆಲದ ತನಕ ಇಳಿಬಿಟ್ಟದ್ದು. ಅದಕ್ಕೆ ಸಣ್ಣ ಹಗ್ಗದ ಕುಣಿಕೆಯನ್ನು ಮೂರು ಸುತ್ತು ಸುತ್ತಿ ಹಾರ್ನೆಸ್ಸಿಗೆ ಸಿಕ್ಕಿಸುತ್ತಾರೆ. ಬಂಡೆ ಹತ್ತುವವರು ಇದಕ್ಕೆ ಪ್ರೂಸಿಕ್ ಗಂಟು ಅನ್ನುತ್ತಾರೆ. ಕೈಯಲ್ಲಿ ಸರಿಸಿದರೆ ಸರಿಯುತ್ತದೆ, ಭಾರ ಬಿದ್ದರೆ ಕಚ್ಚುತ್ತದೆ. ಗೊತ್ತಿದ್ದವರ ಹತ್ತಿರ ಕಲಿತು, ನೆಲದಿಂದ ಒಂದಡಿ ಎತ್ತರದಲ್ಲೇ ಜೋತು ಬಿದ್ದು ಪರೀಕ್ಷೆ ಮಾಡಿ. ಪ್ಲಾಸ್ಟಿಕ್ ಹಗ್ಗ, ಬಾವಿ ಹಗ್ಗ ಈ ಕೆಲಸಕ್ಕೆ ಬೇಡ.

ಟಾರ್ಚ್, ಕಂಬಳಿ, ಫ್ಲಾಸ್ಕ್ ಕೈಯಲ್ಲಿ ಹಿಡಿದು ಹತ್ತಬೇಡಿ. ಹಗ್ಗಕ್ಕೆ ಕಟ್ಟಿಟ್ಟು ಹತ್ತಿ, ಆಮೇಲೆ ಮೇಲಿಂದ ಎಳೆದುಕೊಳ್ಳಿ. ಮೊಬೈಲ್ ಚೀಲದಲ್ಲಿ ಬೇಡ, ಅಂಗಿ ಜೇಬಲ್ಲಿರಲಿ. ಹಾರ್ನೆಸ್ಸಿನಲ್ಲಿ ಜೋತು ಬಿದ್ದರೆ ಸ್ವಲ್ಪ ಹೊತ್ತಲ್ಲೇ ತೊಡೆಯ ಪಟ್ಟಿ ಒತ್ತಿ ರಕ್ತ ಓಡುವುದಿಲ್ಲ. ಕಾಲಿಡಲು ಒಂದು ಕುಣಿಕೆ ಹಗ್ಗ ಜೊತೆಗಿಟ್ಟುಕೊಂಡರೆ ಅದರಲ್ಲಿ ನಿಂತು ಜನ ಬರುವ ತನಕ ತಡೆಯಬಹುದು.

ಪ್ರಶ್ನೆ: ನಮ್ಮ ಮನೆಯವರು ರಾತ್ರಿ ಮಾಳಕ್ಕೆ ಹೋಗುತ್ತಾರೆ. ಮಂಗನ ಕಾಯಿಲೆ ಹರಡುವ ಉಣುಗು ಮರದಿಂದ ಮೈಮೇಲೆ ಬೀಳುತ್ತಾ ಅಂತ ನನಗೆ ಹೆದರಿಕೆ.
– ಓದುಗರು, ಸೊರಬ ತಾಲೂಕು

ಉತ್ತರ: ನಿಮ್ಮ ತಾಲೂಕಿನ ಕ್ಯಾಸನೂರು ಕಾಡಲ್ಲೇ 1957ರಲ್ಲಿ ಈ ಕಾಯಿಲೆ ಮೊದಲು ಗುರುತಿಸಿದ್ದು. ನಿಮ್ಮ ಹೆದರಿಕೆ ಸರಿಯಾದದ್ದೇ ತಂಗಿ. ಆದರೆ ಉಣುಗು ಮರದಿಂದ ಬೀಳುವುದು ಅಪರೂಪ. ಅದು ಕಾಯುವುದು ನೆಲದ ದರಗೆಲೆಯಲ್ಲಿ, ಹುಲ್ಲಿನ ತುದಿಯಲ್ಲಿ. ಮಾಳಕ್ಕಿಂತ ಅಲ್ಲಿಗೆ ಹೋಗುವ ದಾರಿಯಲ್ಲೇ ಹತ್ತುವುದು ಜಾಸ್ತಿ. ಆ ದಾರಿಯನ್ನೂ ಮಾಳದ ಬುಡವನ್ನೂ ಗುಡಿಸಿ ಚೊಕ್ಕ ಮಾಡಿಸಿ. ಹಾಸಲು ಕಾಡಿನ ಸೊಪ್ಪು ದರಗು ತರಬೇಡಿ. ಉದ್ದ ಪ್ಯಾಂಟು, ಉದ್ದ ತೋಳು ಹಾಕಲಿ. ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಲಿ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಲಿ. ಹತ್ತಿರದಲ್ಲಿ ಮಂಗ ಸತ್ತಿದ್ದರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಆ ಮಾಳ ಈ ವರ್ಷಕ್ಕೆ ಬಿಟ್ಟುಬಿಡಿ. ಒಮ್ಮೆಗೇ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮನೆಮದ್ದಿಗೆ ಕಾಯಬೇಡಿ. ಕಾಡಿನಂಚಿಗೆ ಹೋಗಿದ್ದನ್ನು ಡಾಕ್ಟರಿಗೆ ಮೊದಲೇ ಹೇಳಿ.

ಪ್ರಶ್ನೆ: ನಮ್ಮ ಕಡೆ ಈಗ ಆನೆಯೂ ಬರುತ್ತಿದೆ. ಮಾಳ ಇನ್ನೂ ಎತ್ತರ ಮಾಡಿದರೆ ಸಾಕಾ?
– ಶೆಟ್ಟಿಹಳ್ಳಿ ಅಭಯಾರಣ್ಯದ ಹತ್ತಿರದ ಓದುಗರು

ಉತ್ತರ: ಸಾಕಾಗುವುದಿಲ್ಲ. ಆನೆ ಕಂಬವನ್ನೇ ನೂಕುತ್ತದೆ. ಆನೆ ಓಡಾಡುವ ದಿನಗಳಲ್ಲಿ ಮಾಳಕ್ಕೆ ಹೋಗಲೇಬೇಡಿ, ಅರಣ್ಯ ಇಲಾಖೆಗೆ ಫೋನ್ ಮಾಡಿ. ಗದ್ದೆಯ ಭತ್ತ ಮುಂದಿನ ವರ್ಷ ಮತ್ತೆ ಬೆಳೆಯಬಹುದು.

ಪ್ರಶ್ನೆ: ಗುಡುಗು ಬಂದರೆ ಮಾಳದಲ್ಲೇ ಕೂರಬಹುದಾ? ಸೋಗೆ ಹೊದಿಸಿದ್ದೇವೆ.
– ಓದುಗರು, ತೀರ್ಥಹಳ್ಳಿ

ಉತ್ತರ: ಇಳಿದು ಮನೆಗೆ ಬನ್ನಿ. ಸೋಗೆ ಮಳೆಗೆ ತಡೆ, ಸಿಡಿಲಿಗಲ್ಲ. ಅಕ್ಟೋಬರ್‌ನಲ್ಲಿ ಸಂಜೆ ಮೇಲೆ ಗುಡುಗು ನಮ್ಮಲ್ಲಿ ಮಾಮೂಲು. ಹಾಗಾಗಿ ಮೋಡ ಕಟ್ಟಿದ ದಿನ ಹತ್ತುವುದೇ ಬೇಡ. ಮೊದಲ ಗುಡುಗು ಕೇಳಿಸಿದಾಗಲೇ ಹೊರಡಿ, ಮಳೆ ಹನಿಯಲಿ ಅಂತ ಕಾಯಬೇಡಿ. ಒಂಟಿ ಮರದ ಬುಡದಲ್ಲೂ ನಿಲ್ಲಬೇಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆದ ಮೇಲೆ, ಏಣಿ ಒರೆಸಿ, ಹಗ್ಗ ಸಿಕ್ಕಿಸಿಕೊಂಡು ಹತ್ತಿ.