2 ಇಂಚು ಲಿಫ್ಟ್ ಮಾಡಿಸಿದ ಥಾರ್‌ಗೆ ಎಷ್ಟು ಇಂಚಿನ ರಿಮ್, ಯಾವ ಅಳತೆಯ ಟೈರ್ ಹಾಕಿಸಬೇಕು?

ಮೂರು ಬಾಗಿಲಿನ ಥಾರ್ ಎಲ್‌ಎಕ್ಸ್ ಡೀಸೆಲ್ ಫೋರ್ ಬೈ ಫೋರ್, 2 ಇಂಚಿನ ಲಿಫ್ಟ್ ಕಿಟ್ ಆಗಲೇ ಹಾಕಿಸಿದ್ದೀರಿ. ವಾರವೆಲ್ಲ ಬೆಂಗಳೂರಿನ ಟ್ರಾಫಿಕ್ಕು, ರಜೆ ಸಿಕ್ಕರೆ ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ದಾರಿ. ಅಂಗಡಿಯವರು 20 ಇಂಚಿನ ಅಲಾಯ್, 33 ಇಂಚಿನ ಟೈರ್ ಹಾಕಿಸಿ ಅಂತಿದ್ದಾರೆ, ಹಾಕಿಸಲೇ ಅಂತ ಕೇಳಿದ್ದೀರಿ. ಬೇಡ. ನಾನಾಗಿದ್ದರೆ 17 ಇಂಚಿನ ರಿಮ್ಮಿಗೆ 265/70 ಆರ್17 ಆಲ್ ಟೆರೇನ್ (ಡಾಂಬರಿಗೂ ಕಚ್ಚಾ ದಾರಿಗೂ ಆಗುವ) ಟೈರ್ ಹಾಕಿಸುತ್ತಿದ್ದೆ.

ಲಿಫ್ಟ್ ಕಿಟ್ ಎತ್ತುವುದು ಬಾಡಿಯನ್ನು, ಹಿಂದಿನ ಆಕ್ಸಲ್ಲನ್ನಲ್ಲ. ಥಾರ್‌ನ ಹಿಂದಿನದು ಗಟ್ಟಿ ಆಕ್ಸಲ್, ಅಂದರೆ ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ದಂಡ. ದಾರಿ ನಡುವಿನ ಕಲ್ಲಿಗೆ ಮೊದಲು ತಾಗುವ ಡಿಫರೆನ್ಷಿಯಲ್ ಹೌಸಿಂಗು (ಆಕ್ಸಲ್ಲಿನ ಮೇಲಿರುವ ಗೇರುಗಳ ಉಬ್ಬಿದ ಪೆಟ್ಟಿಗೆ), ಲಿಫ್ಟ್ ಮಾಡಿಸಿದ ಮೇಲೂ ಮೊದಲಿದ್ದ ಎತ್ತರದಲ್ಲೇ ಇರುತ್ತದೆ. ಅದನ್ನು ಮೇಲೆತ್ತುವುದು ಟೈರ್ ಮಾತ್ರ, ಅದೂ ಹೆಚ್ಚಾದ ವ್ಯಾಸದ ಅರ್ಧದಷ್ಟು. ಲಿಫ್ಟ್‌ನಿಂದ ಬರುವುದು ದೊಡ್ಡ ಟೈರಿಗೆ ಮಡ್‌ಗಾರ್ಡ್ ಒಳಗೆ ಜಾಗ.

ಈಗ ಲೆಕ್ಕ ನೋಡಿ. ನಿಮ್ಮ ಗಾಡಿಗೆ ಕಂಪನಿಯಿಂದ ಬಂದಿರುವುದು 255/65 ಆರ್18. ಟೈರಿನ ಅಗಲ 255 ಮಿ.ಮೀ., ಅದರಲ್ಲಿ ಶೇ. 65 ಅಂದರೆ ಟೈರಿನ ಗೋಡೆ ಸುಮಾರು 166 ಮಿ.ಮೀ.; ಮೇಲೊಂದು ಕೆಳಗೊಂದು ಗೋಡೆ, ನಡುವೆ 18 ಇಂಚಿನ ರಿಮ್, ಒಟ್ಟು 789 ಮಿ.ಮೀ. ವ್ಯಾಸ. 20 ಇಂಚಿನ ರಿಮ್ಮಿಗೆ 33 ಇಂಚು ಅಂದರೆ 275/60 ಆರ್20 ಇರಬೇಕು. ಅದರ ವ್ಯಾಸ 838 ಮಿ.ಮೀ., ಗೋಡೆ ಮಾತ್ರ 165. ಅಷ್ಟು ದುಡ್ಡು ಸುರಿದ ಮೇಲೂ ಗೋಡೆ ಇದ್ದಷ್ಟೇ! ತೋಟದ ದಾರಿಗೆ ಬೇಕಾದದ್ದೇ ಗೋಡೆ. ಗಾಳಿಯನ್ನು 20 ಪಿಎಸ್‌ಐ ಆಸುಪಾಸಿಗೆ ಇಳಿಸಿದಾಗ ಟೈರ್ ಕಲ್ಲನ್ನು ಅಪ್ಪಿ ಹಿಡಿಯುವುದು, ರಿಮ್ಮಿಗೆ ಪೆಟ್ಟು ಬೀಳದಂತೆ ತಡೆಯುವುದು ಅದೇ. 265/70 ಆರ್17ರಲ್ಲಿ ಗೋಡೆ 185 ಮಿ.ಮೀ. ಸಿಗುತ್ತದೆ.

ಆದರೆ ಇದರಲ್ಲಿ ಆಕ್ಸಲ್ ಎತ್ತರ ಹೆಚ್ಚುವುದು ಬರೀ 7 ಮಿ.ಮೀ., 33 ಇಂಚಿನದರಲ್ಲಿ 25ರ ಹತ್ತಿರ. ಆ ವ್ಯತ್ಯಾಸಕ್ಕೆ ತೆರಬೇಕಾದ ಬೆಲೆ ನೋಡಿ. ಸ್ಪೀಡೋಮೀಟರ್ 80 ತೋರಿಸುವಾಗ ನೀವು 85ರಲ್ಲಿ ಹೋಗುತ್ತಿರುತ್ತೀರಿ. ಗೇರೆಲ್ಲ ಶೇ. 6ರಷ್ಟು ಉದ್ದವಾದಂತೆ, ಅಂದರೆ ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲಿ ನಿಂತು ನಿಂತು ಹೊರಡುವಾಗ ಕ್ಲಚ್ಚಿಗೆ ದಿನವೂ ಹೆಚ್ಚು ಕೆಲಸ. ಬ್ರೇಕ್ ಹಳೆಯದೇ, ನಿಲ್ಲಿಸಬೇಕಾದ ಚಕ್ರ ಮಾತ್ರ ಭಾರ. ಥಾರ್‌ನ ಮುಂದಿನ ಸಸ್ಪೆನ್ಷನ್ ಇಂಡಿಪೆಂಡೆಂಟ್ (ಎರಡು ಚಕ್ರವೂ ಬೇರೆ ಬೇರೆಯಾಗಿ ಏರಿಳಿಯುವಂಥದ್ದು) ಆದ್ದರಿಂದ ಲಿಫ್ಟ್ ಮಾಡಿದಾಗಲೇ ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್‌ಶಾಫ್ಟ್‌ಗಳು ಹೆಚ್ಚು ಓರೆಯಾಗಿರುತ್ತವೆ. ಅವುಗಳ ಮೇಲೆ ಇನ್ನೂ ಭಾರ ಹೇರುವುದು ನನಗೆ ಸರಿ ಕಾಣುವುದಿಲ್ಲ. ಬರೀ ಕಲ್ಲು ಹತ್ತುವ ಗಾಡಿಯಾಗಿದ್ದರೆ ಬೇರೆ ಮಾತು. ಆಗ 285/70 ಆರ್17 ಹಾಕಿಸಿ, ಬಂಪರಿನ ಮೂಲೆ ಕತ್ತರಿಸಿ ಅನ್ನುತ್ತಿದ್ದೆ.

ಅಗಲದ ಆಸೆಯೂ ಬೇಡ. ಮಲೆನಾಡಿನ ತೋಟದ ದಾರಿಗಳಲ್ಲಿ ಹೆಚ್ಚಾಗಿ ಮೇಲೆ ಜಾರುವ ಕೆಂಪು ಕೆಸರು, ಕೆಳಗೆ ಗಟ್ಟಿ ನೆಲ. ಅಗಲದ ಟೈರ್ ಕೆಸರಿನ ಮೇಲೆ ತೇಲುತ್ತದೆ, ಕಿರಿದಾದದ್ದು ಕೊರೆದುಕೊಂಡು ಹೋಗಿ ಗಟ್ಟಿ ನೆಲ ಹಿಡಿಯುತ್ತದೆ. ಸಮುದ್ರದಂಡೆಯ ಮರಳಿನಲ್ಲಾದರೆ ಇದು ತಿರುಗುಮುರುಗು. ಕೆಸರಿಗೆಂದೇ ಮಾಡಿದ ಮಡ್ ಟೆರೇನ್ ಟೈರ್ ಕೆಸರಲ್ಲಿ ರಾಜ, ನಿಜ; ಒದ್ದೆ ಡಾಂಬರಿನಲ್ಲಿ ಅದನ್ನು ನಂಬಬೇಡಿ, ಹೆದ್ದಾರಿಯಲ್ಲಿ ಅದರ ಗುಂಯ್‌ಗುಡುವ ಸದ್ದು ಬೇರೆ.

ರಿಮ್ ಕೊಳ್ಳುವಾಗ ಬೋಲ್ಟ್ ತೂತುಗಳ ಅಳತೆ, ನಡುವಿನ ತೂತು, 7.5ರಿಂದ 8 ಇಂಚಿನ ಅಗಲ ಇಷ್ಟಂತೂ ನೋಡಿಯೇ ನೋಡುತ್ತೀರಿ. ಬಹಳ ಜನ ಬಿಡುವುದು ಆಫ್‌ಸೆಟ್, ಅಂದರೆ ಬೋಲ್ಟ್ ಕೂರುವ ಮೈ ರಿಮ್ಮಿನ ಅಗಲದ ನಡುಗೆರೆಯಿಂದ ಎಷ್ಟು ದೂರ ಅನ್ನುವ ಅಂಕಿ. ಈ ಅಂಕಿ ಕಡಿಮೆಯಾದಷ್ಟೂ ಚಕ್ರ ಹೊರಕ್ಕೆ ಬರುತ್ತದೆ. ನೋಡಲು ಗತ್ತು, ಆದರೆ ಸ್ಟೇರಿಂಗ್ ತಿರುಗಿಸಿದಾಗ ಟೈರ್ ಹೆಚ್ಚು ಜಾಗ ಬಳಸಿ ಬಂಪರಿಗೆ ಉಜ್ಜುತ್ತದೆ, ಬೇರಿಂಗ್ ಬೇಗ ಸವೆಯುತ್ತದೆ, ಕೆಸರೆಲ್ಲ ಬಾಗಿಲಿಗೆ ಹಾರುತ್ತದೆ. ಕಂಪನಿಯ ಆಫ್‌ಸೆಟ್‌ಗೆ ಹತ್ತಿರದ್ದನ್ನೇ ಹುಡುಕಿ. ಸ್ಪೇಸರ್ (ಚಕ್ರವನ್ನು ಹೊರಕ್ಕೆ ತಳ್ಳುವ ಬಿಲ್ಲೆ) ಹಾಕಿ ಹೊಂದಿಸುತ್ತೇವೆ ಅಂದರೆ ಒಪ್ಪಬೇಡಿ.

ದುಡ್ಡು ಕೊಡುವ ಮುಂಚೆ ಒಂದು ಪರೀಕ್ಷೆ. ಟೈರಿನ ಅಂಚಿಗೆಲ್ಲ ಸೀಮೆಸುಣ್ಣ ಬಳಿಯಿರಿ. ಒಂದು ಮುಂದಿನ ಚಕ್ರವನ್ನು ದಿಬ್ಬಕ್ಕೆ ಹತ್ತಿಸಿ, ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ಒಂದಿಷ್ಟು ಹಿಂದೆ ಮುಂದೆ ಮಾಡಿಸಿ. ಇನ್ನೊಂದು ಚಕ್ರಕ್ಕೂ ಹೀಗೇ. ಆಮೇಲೆ ಟಾರ್ಚ್ ಹಿಡಿದು ಒಳಗಿನ ಪ್ಲಾಸ್ಟಿಕ್ಕು, ಬಂಪರಿನ ಹಿಂಬದಿ, ಸಸ್ಪೆನ್ಷನ್ನಿನ ಮೇಲಿನ ಆರ್ಮ್ (ಚಕ್ರವನ್ನು ಹಿಡಿದಿರುವ ತೋಳು) ನೋಡಿ. ಬಿಳಿ ಗೆರೆ ಬಿದ್ದಲ್ಲಿ ಉಜ್ಜಿದೆ ಅಂತ ಅರ್ಥ. ಪ್ಲಾಸ್ಟಿಕ್ಕಿಗೆ ತಾಗಿದ್ದರೆ ಕತ್ತರಿಸಿಕೊಳ್ಳಬಹುದು, ಆರ್ಮ್‌ಗೆ ತಾಗಿದರೆ ಆ ರಿಮ್ ವಾಪಸ್ ಮಾಡಿ. ಅಲೈನ್‌ಮೆಂಟ್ ಮಾಡಿಸುವುದು ಇದೆಲ್ಲ ಮುಗಿದ ಮೇಲೆ.

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಕೂಡ ಗೊತ್ತಿರಲಿ. ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ನಿಮ್ಮ ಲಿಫ್ಟ್ ಕಿಟ್ ಬಗ್ಗೆಯೂ ಪ್ರಶ್ನೆ ಏಳಬಹುದು, ಇನ್ಶೂರೆನ್ಸ್‌ನವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ.

ಸ್ಟೆಪ್ನಿ ಸೇರಿಸಿ ಐದೂ ಒಂದೇ ಅಳತೆಯದು ಕೊಳ್ಳಿ. ಫೋರ್ ವೀಲ್ ಹಾಕಿದಾಗ ಥಾರ್‌ನಲ್ಲಿ ಮುಂದಿನ ಹಿಂದಿನ ಆಕ್ಸಲ್‌ಗಳು ಒಂದೇ ವೇಗಕ್ಕೆ ಕಟ್ಟಿಬಿದ್ದಿರುತ್ತವೆ, ಬೇರೆ ವ್ಯಾಸದ ಟೈರ್ ಸೇರಿದರೆ ಏಟು ಟ್ರಾನ್ಸ್‌ಫರ್ ಕೇಸಿಗೆ (ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಗೇರುಪೆಟ್ಟಿಗೆಗೆ). ಆ ಸ್ಟೆಪ್ನಿ ಹಿಂಬಾಗಿಲಿಗೆ ನೇತಾಡುವುದರಿಂದ ಭಾರವಾದಷ್ಟೂ ಹಿಂಜಿಗೆ ಕಷ್ಟ. 33 ಬೇಡ ಅನ್ನುವುದಕ್ಕೆ ಇದೂ ಒಂದು ಕಾರಣ.