ಮೂರು ದಿನದ ಮ್ಯೂಸಿಕ್ ಫೆಸ್ಟಿವಲ್‌ಗೆ ಹೊಸ ಫೋನ್ ಒಯ್ಯಬಹುದಾ?

ನೀವು ಕೇಳಿರುವುದು ಇಷ್ಟು: ಮೊದಲ ಸಲ ಬಯಲಿನಲ್ಲಿ ನಡೆಯುವ ಮೂರು ದಿನದ ಸಂಗೀತ ಉತ್ಸವಕ್ಕೆ ಹೊರಟಿದ್ದೀರಿ, ರಾತ್ರಿ ಟೆಂಟಿನಲ್ಲೇ ಮಲಗುವುದು, ಕೈಯಲ್ಲಿ ಈಚೆಗಷ್ಟೇ ಕೊಂಡ ಫೋನ್. ಅದನ್ನು ಒಯ್ಯಬೇಕಾ, ಇಲ್ಲ ಮನೆಯಲ್ಲಿಟ್ಟು ಹಳೇ ಬಟನ್ ಫೋನ್ ಹಿಡಿದು ಹೋಗಬೇಕಾ? ಒಯ್ದರೆ ಕಳ್ಳರು, ಮಳೆ, ಬ್ಯಾಟರಿಗೆ ಏನು ಮಾಡಬೇಕು? ಹಾಡು ರೆಕಾರ್ಡ್ ಮಾಡಿದರೆ ಸದ್ದು ಯಾಕೆ ಒಡೆದು ಕೇಳಿಸುತ್ತದೆ?

ಒಯ್ಯಿರಿ. ಟಿಕೆಟ್, ದುಡ್ಡು, ಗೆಳೆಯರ ನಂಬರ್ ಎಲ್ಲ ಅದರಲ್ಲೇ ಇರುವಾಗ ಬಿಟ್ಟು ಹೋಗಿ ಅನ್ನುವುದು ಸುಮ್ನೆ ಬಾಯಿಮಾತು. ಆದರೆ ಈ ಫೋನ್ ಅಲ್ಲಿ ಹೋಗೇ ಹೋಗುತ್ತದೆ ಅಂತ ಅಂದುಕೊಂಡೇ ತಯಾರಾಗಿ. ಹೋದರೆ ಫೋನ್ ಒಂದೇ ಹೋಗಬೇಕು. ಅದರ ಬೆನ್ನಿಗೆ ಫೋಟೊ, ಬ್ಯಾಂಕ್, ಇಮೇಲ್ ಎಲ್ಲ ಹೋಗಬಾರದು. ಹಾಗಾಗಿ ಮುಕ್ಕಾಲು ಕೆಲಸ ಹೊರಡುವ ಹಿಂದಿನ ರಾತ್ರಿಯೇ ಮುಗಿಯಬೇಕು.

ಇಂಥ ಉತ್ಸವಗಳಲ್ಲಿ ಕಳೆದುಹೋದ ವಸ್ತುಗಳ ಕೌಂಟರಿನಲ್ಲಿ ಕೂತು ಕೆಲಸ ಮಾಡಿದವನು ನಾನು. ಅಲ್ಲಿಗೆ ಬರುವ ಫೋನುಗಳು ಕದ್ದವಲ್ಲ, ಬಿದ್ದವು. ಯಾರೋ ಪುಣ್ಯಾತ್ಮರು ಹುಲ್ಲಿನಲ್ಲಿ ಸಿಕ್ಕಿತು, ಟಾಯ್ಲೆಟ್ಟಿನಲ್ಲಿ ಸಿಕ್ಕಿತು ಅಂತ ತಂದು ಕೊಟ್ಟಿರುತ್ತಾರೆ. ಟ್ರೇ ತುಂಬ ಕಪ್ಪು ಫೋನು, ಕಪ್ಪು ಕವರು. ಹುಡುಕಿಕೊಂಡು ಬಂದವರು ಹೇಳುವುದೂ ಅದನ್ನೇ: ‘ಕಪ್ಪು ಫೋನು, ಕಪ್ಪು ಕವರು, ಒಂದು ಮೂಲೆ ಸ್ವಲ್ಪ ಒಡೆದಿದೆ.’ ಎಲ್ಲದರ ಮೂಲೆಯೂ ಒಡೆದೇ ಇರುತ್ತದೆ! ಬ್ಯಾಟರಿ ಸತ್ತ ಫೋನಿಗೆ ಚಾರ್ಜ್ ಹಾಕಿ ಎಬ್ಬಿಸಿದರೆ ಲಾಕ್ ಸ್ಕ್ರೀನಿನಲ್ಲಿ ಬೆಟ್ಟದ ಮೇಲೆ ಸೂರ್ಯ. ಹಾಗೆ ಎದ್ದ ಫೋನಿಗೆ ಪಿನ್ ಹಾಕುವ ತನಕ ಮನೆಯವರ ಕರೆ ಬಂದರೂ ಹೆಸರು ಕಾಣುವುದಿಲ್ಲ, ಬರೀ ನಂಬರ್ ಕಾಣುತ್ತದೆ.

ಅದಕ್ಕೇ ಮೊದಲ ಕೆಲಸ: ಲಾಕ್ ಸ್ಕ್ರೀನಿನ ಮೇಲೆ ಒಂದು ನಂಬರ್ ಬರೆದಿಡಿ. ನಿಮ್ಮ ಜೊತೆ ಬಂದ ಗೆಳೆಯನದ್ದಲ್ಲ. ಅವನ ಫೋನಿಗೂ ಅಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಮನೆಯಲ್ಲಿ ಇರುವವರ ನಂಬರ್ ಹಾಕಿ. ಕವರಿನ ಮೇಲೆ ಎದ್ದು ಕಾಣುವ ಒಂದು ಸ್ಟಿಕರ್ ಅಂಟಿಸಿದರೆ ನಮ್ಮಂಥವರಿಗೂ ಉಪಕಾರ.

ಆಮೇಲೆ ಬ್ಯಾಕಪ್. ಮನೆಯ ವೈಫೈನಲ್ಲೇ ಮುಗಿಸಿ, ಅಲ್ಲಿ ಹೋಗಿ ಒಂದು ಫೋಟೊ ಅಪ್‌ಲೋಡ್ ಆಗುವುದೂ ಕಷ್ಟ. *#06# ಒತ್ತಿದರೆ ಬರುವ 15 ಅಂಕಿಯ ಐಎಂಇಐ ನಂಬರನ್ನು (ಫೋನಿನ ಗುರುತಿನ ಸಂಖ್ಯೆ) ಕಾಗದದ ಮೇಲೆ ಬರೆದು ಮನೆಯಲ್ಲಿಡಿ. ಪೊಲೀಸರಿಗೆ ದೂರು ಕೊಡುವಾಗ, ಫೋನ್ ಬ್ಲಾಕ್ ಮಾಡಿಸುವಾಗ ಅದು ಬೇಕು. ಲಾಕ್ ಸ್ಕ್ರೀನಿನಲ್ಲಿ ಮೆಸೇಜಿನ ಒಳಗಿನ ಮಾತು ಕಾಣದ ಹಾಗೆ ಸೆಟ್ಟಿಂಗ್ ಮಾಡಿ. ಇಲ್ಲದಿದ್ದರೆ ಬ್ಯಾಂಕಿನ ಓಟಿಪಿಯನ್ನು ಕಳ್ಳ ಲಾಕ್ ತೆಗೆಯದೆಯೇ ಓದಿಕೊಳ್ಳುತ್ತಾನೆ. ಕಳ್ಳ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿಕೊಂಡರೂ ಓಟಿಪಿ ಅವನಿಗೇ ಬರುತ್ತದಲ್ವಾ? ಅದಕ್ಕೆ ಮದ್ದು ಸಿಮ್ ಪಿನ್, ಅಂದರೆ ಸಿಮ್ಮಿಗೇ ಹಾಕುವ ಲಾಕ್. ಹಾಕುವ ಮುಂಚೆ ನಿಮ್ಮ ಸಿಮ್ ಕಂಪನಿಯ ಮೂಲ ಪಿನ್ ಯಾವುದು ಅಂತ ತಿಳಿದುಕೊಳ್ಳಿ, ಮೂರು ಸಲ ತಪ್ಪಿದರೆ ಸಿಮ್ ಲಾಕ್ ಆಗುತ್ತದೆ. ಇದರಲ್ಲಿ ಒಂದು ತೊಡಕೂ ಇದೆ. ಸಿಮ್ ಪಿನ್ ಹಾಕಿದ ಫೋನ್ ಆಫ್ ಆಗಿ ಮತ್ತೆ ಆನ್ ಆದರೆ ಪಿನ್ ಕೊಡುವ ತನಕ ಅದಕ್ಕೆ ಕರೆಯೇ ಬರುವುದಿಲ್ಲ. ಲಾಕ್ ಸ್ಕ್ರೀನಿನ ಮೇಲೆ ನಂಬರ್ ಇರಲಿ ಅಂದಿದ್ದು ಇದಕ್ಕೂ ಸೇರಿ.

ಗುಂಪಿನಲ್ಲಿ ಅಪಾಯ ಜಾಸ್ತಿ ಇರುವುದು ಪಿನ್ ಒತ್ತುವ ಹೊತ್ತಿನಲ್ಲಿ. ಹೆಗಲ ಹಿಂದೆ ನಿಂತವನು ಪಿನ್ ನೋಡಿಕೊಂಡು ಆಮೇಲೆ ಫೋನ್ ಎಗರಿಸಿದರೆ, ಅದೇ ಪಿನ್ ಇಟ್ಟುಕೊಂಡು ನಿಮ್ಮ ಅಕೌಂಟಿನ ಪಾಸ್‌ವರ್ಡನ್ನೇ ಬದಲಾಯಿಸಬಹುದು. ಇದನ್ನು ತಡೆಯಲೆಂದೇ ಆ್ಯಪಲ್ 2024ರ ಜನವರಿಯಲ್ಲಿ ಐಓಎಸ್ 17.3ರ ಜೊತೆ ‘ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್’ ಕೊಟ್ಟಿತು. ಅದು ಆನ್ ಇದ್ದರೆ, ಮನೆ-ಆಫೀಸಿನಂಥ ಪರಿಚಯದ ಜಾಗದಿಂದ ಹೊರಗಿರುವಾಗ ಪಾಸ್‌ವರ್ಡ್ ಬದಲಾಯಿಸಲು ಮುಖವೋ ಬೆರಳೋ ತೋರಿಸಿ, ಒಂದು ಗಂಟೆ ಕಾದು, ಮತ್ತೊಮ್ಮೆ ತೋರಿಸಬೇಕು. ಆಂಡ್ರಾಯ್ಡ್‌ನಲ್ಲಿ ‘ಥೆಫ್ಟ್ ಡಿಟೆಕ್ಷನ್ ಲಾಕ್’ ಅಂತ ಇದೆ, ಯಾರಾದರೂ ಕೈಯಿಂದ ಕಿತ್ತುಕೊಂಡು ಓಡಿದರೆ ಆ ಚಲನೆಯನ್ನು ಗುರುತಿಸಿ ಫೋನ್ ತಾನಾಗಿ ಲಾಕ್ ಆಗುತ್ತದೆ. ನಿಮ್ಮ ಫೋನಿನಲ್ಲಿರುವುದು ಆನ್ ಇದೆಯಾ ಅಂತ ಒಮ್ಮೆ ನೋಡಿ. ಗುಂಪಿನೊಳಗೆ ಬೆರಳಿನಿಂದಲೋ ಮುಖದಿಂದಲೋ ಲಾಕ್ ತೆಗೆಯಿರಿ, ಪಿನ್ ಒತ್ತಬೇಡಿ.

ಇಂಥ ಕಡೆ ಕದಿಯುವವರು ಒಂದೆರಡು ಫೋನಿಗೆ ಬಂದವರಲ್ಲ. 2017ರ ಏಪ್ರಿಲ್‌ನಲ್ಲಿ ಅಮೆರಿಕದ ಕೋಚೆಲ್ಲಾ ಉತ್ಸವದಲ್ಲಿ ಸಿಕ್ಕಿಬಿದ್ದ ಒಬ್ಬನ ಬ್ಯಾಗಿನಲ್ಲಿ ನೂರಕ್ಕೂ ಹೆಚ್ಚು ಫೋನುಗಳಿದ್ದವು. ಫೋನ್ ಕಳೆದುಕೊಂಡವರು ಕಳೆದ ಫೋನ್ ಎಲ್ಲಿದೆ ಅಂತ ತೋರಿಸುವ ‘ಫೈಂಡ್ ಮೈ ಫೋನ್’ ಹಾಕಿ ಅದರ ಜಾಡು ಹಿಡಿದು ಹೊರಟಿದ್ದರಿಂದ ಅವನು ಸಿಕ್ಕಿದ್ದು. ಇಂಥವರಿಗೆ ಬೇಕಾದ ಹೊತ್ತು ದೊಡ್ಡ ಹಾಡು ಶುರುವಾಗಿ ಎಲ್ಲರೂ ಒಟ್ಟಿಗೆ ಕುಣಿಯುವ ಹೊತ್ತು, ಬೇಕಾದ ಜಾಗ ಪ್ಯಾಂಟಿನ ಹಿಂದಿನ ಜೇಬು. ಜಿಪ್ ಇರುವ ಮುಂದಿನ ಜೇಬು ಅಥವಾ ಶರ್ಟಿನ ಒಳಗೆ ಸೊಂಟಕ್ಕೆ ಕಟ್ಟುವ ಚಪ್ಪಟೆ ಪೌಚ್ ಸಾಕು. ಬೆನ್ನ ಮೇಲಿನ ಬ್ಯಾಗಿನಲ್ಲಿ ಇಡಬೇಡಿ. ಟೆಂಟಿನಲ್ಲಿ ಬಿಟ್ಟು ಹೋಗುವುದು ಇನ್ನೂ ಕೆಟ್ಟದ್ದು. ಟೆಂಟಿಗೆ ಬೀಗ ಹಾಕಿದರೆ ಒಳಗೆ ಬೆಲೆಬಾಳುವುದೇನೋ ಇದೆ ಅಂತ ನೀವೇ ಬೋರ್ಡ್ ಹಾಕಿದ ಹಾಗೆ.

ಈಗ ನೆಟ್‌ವರ್ಕ್. ಬ್ಯಾಟರಿ ಸಾಯುವುದಕ್ಕೂ ಗೆಳೆಯರು ತಪ್ಪಿಹೋಗುವುದಕ್ಕೂ ಕಾರಣ ಇದೇ. ಮಾಮೂಲಿ ದಿನ ಖಾಲಿ ಬಯಲಿಗೆ ಸಾಲುತ್ತಿದ್ದ ಟವರಿನ ಮೇಲೆ ಸಾವಿರಾರು ಫೋನುಗಳು ಒಟ್ಟಿಗೆ ಬೀಳುತ್ತವೆ. ಕಂಪನಿಗಳು ಲಾರಿಯ ಮೇಲೆ ತಾತ್ಕಾಲಿಕ ಟವರ್ ತಂದು ನಿಲ್ಲಿಸುವುದುಂಟು, ಆದರೂ ಮುಖ್ಯ ಕಾರ್ಯಕ್ರಮದ ಹೊತ್ತಿಗೆ ಎಲ್ಲರೂ ವಿಡಿಯೋ ಕಳಿಸಲು ಹೊರಟರೆ ಅದೂ ಸಾಲದು. ಸಿಗ್ನಲ್ ಕಡ್ಡಿ ತುಂಬ ಕಾಣುತ್ತವೆ, ಡೇಟಾ ಮಾತ್ರ ಹೋಗುವುದಿಲ್ಲ. ಫೋನ್ ಬಿಡದೆ ಮತ್ತೆ ಮತ್ತೆ ಕಳಿಸಲು ನೋಡುತ್ತದೆ, ಸಿಗ್ನಲ್ ಕಡಿಮೆ ಇದ್ದಲ್ಲಿ ಹೆಚ್ಚು ಶಕ್ತಿ ಹಾಕಿ ಕೂಗುತ್ತದೆ, ಬ್ಯಾಟರಿ ಇಳಿಯುತ್ತದೆ. ಆದ್ದರಿಂದ ಹಾಡು ಕೇಳುವಾಗ ಫ್ಲೈಟ್ ಮೋಡ್ ಹಾಕಿಬಿಡಿ. ಕ್ಯಾಮೆರಾ ಕೆಲಸ ಮಾಡುತ್ತದೆ, ಜಿಪಿಎಸ್ ಕೂಡ. ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಕೊಂಡು, ಹೋದ ತಕ್ಷಣ ಟೆಂಟಿನ ಜಾಗ ಗುರುತು ಹಾಕಿಕೊಂಡರೆ ಕತ್ತಲಲ್ಲಿ ಹತ್ತಾರು ಒಂದೇ ಥರದ ಟೆಂಟುಗಳ ನಡುವೆ ಅಲೆಯುವುದು ತಪ್ಪುತ್ತದೆ.

ಗೆಳೆಯರಿಗೆ ಸುದ್ದಿ ಮುಟ್ಟಿಸಲು ಹಳೇ ಎಸ್‌ಎಂಎಸ್ ವಾಸಿ. ಅದು ಚಿಕ್ಕದು, ಡೇಟಾದ ದಾರಿ ಹಿಡಿಯುವುದಿಲ್ಲ, ತಕ್ಷಣ ಹೋಗದಿದ್ದರೂ ಸಾಲಿನಲ್ಲಿ ಕಾದು ಮುಟ್ಟುತ್ತದೆ. ಈಗಿನ ಫೋನುಗಳು ಎಸ್‌ಎಂಎಸ್ ಆ್ಯಪಿನಿಂದಲೇ ಮೆಸೇಜನ್ನು ಇಂಟರ್ನೆಟ್ ಮೂಲಕ ಕಳಿಸುತ್ತವೆ, ಅದು ಹೋಗದಿದ್ದಾಗ ಎಸ್‌ಎಂಎಸ್ ಆಗಿ ಕಳಿಸು ಅನ್ನುವ ಸೆಟ್ಟಿಂಗ್ ಆನ್ ಇರಲಿ. ಕನ್ನಡ ಲಿಪಿಯಲ್ಲಿ ಬರೆದರೆ ಒಂದು ಎಸ್‌ಎಂಎಸ್ಸಿಗೆ 70 ಅಕ್ಷರದಷ್ಟೇ ಜಾಗ (ಇಂಗ್ಲಿಷಿನಲ್ಲಿ 160), ಒತ್ತು-ಗುಣಿತವೂ ಅದರಲ್ಲೇ ಲೆಕ್ಕ. ಅದಕ್ಕಿಂತ ಉದ್ದವಾದರೆ ತುಂಡಾಗಿ ಹೋಗುತ್ತದೆ. ಚಿಕ್ಕದಾಗಿ ಬರೆಯಿರಿ. ‘ಈಗ ಇಲ್ಲಿದ್ದೀನಿ, ಬಾ’ ಅಂತ ಬರೆಯಬೇಡಿ. ಅದು ಮುಕ್ಕಾಲು ಗಂಟೆ ತಡವಾಗಿ ಬಂದರೆ ಓದಿದವನು ಎಲ್ಲಿಗೆ ಬರಬೇಕು? ‘8:15ಕ್ಕೆ ನೀರಿನ ನಲ್ಲಿ ಹತ್ತಿರ’ ಅಂತ ಬರೆಯಿರಿ. ಇನ್ನೂ ಒಳ್ಳೆಯದು, ಬೆಳಗ್ಗೆಯೇ ಜಾಗ-ಹೊತ್ತು ಮಾತಾಡಿಕೊಂಡು ಬಿಡುವುದು.

ಟಿಕೆಟನ್ನು ಫೋನಿನ ವಾಲೆಟ್ಟಿಗೆ ಮೊದಲೇ ಹಾಕಿಕೊಳ್ಳಿ. ಸ್ಕ್ರೀನ್‌ಶಾಟ್ ಇದೆಯಲ್ಲ ಅಂತ ಕೂರಬೇಡಿ. ಕೆಲವು ಟಿಕೆಟ್‌ಗಳ ಬಾರ್‌ಕೋಡ್ ಆಗಾಗ ಬದಲಾಗುತ್ತದೆ, ಅದರ ಸ್ಕ್ರೀನ್‌ಶಾಟ್ ಗೇಟಿನಲ್ಲಿ ನಡೆಯುವುದಿಲ್ಲ.

ಪವರ್ ಬ್ಯಾಂಕ್ ಕೊಳ್ಳುವಾಗ ಡಬ್ಬಿಯ ಮೇಲಿನ ದೊಡ್ಡ ಅಂಕಿ ನಂಬಬೇಡಿ. 10,000 ಎಂಎಎಚ್ ಅನ್ನುವುದು ಒಳಗಿನ ಸೆಲ್ಲಿನ 3.7 ವೋಲ್ಟ್ ಲೆಕ್ಕ, ಅಂದರೆ 37 ವ್ಯಾಟ್-ಗಂಟೆ. ವೋಲ್ಟೇಜ್ ಏರಿಸುವಾಗ, ಕೇಬಲ್ಲಿನಲ್ಲಿ, ಬಿಸಿಯಾಗಿ ಮೂರನೇ ಒಂದು ಪಾಲು ಸೋರಿ ಹೋಗುತ್ತದೆ. 5,000 ಎಂಎಎಚ್‌ನ ಫೋನನ್ನು ಅದರಿಂದ ಒಂದೂಕಾಲು ಸಲ ತುಂಬಬಹುದು, ಎರಡು ಸಲ ಆಗುವುದಿಲ್ಲ. ಮೂರು ದಿನಕ್ಕೆ 20,000ದ್ದು ಬೇಕು. ವಿಮಾನದಲ್ಲಿ ಹೋಗುವುದಾದರೆ 100 ವ್ಯಾಟ್-ಗಂಟೆಯೊಳಗಿನದ್ದೇ ಇರಲಿ, ಕೈಚೀಲದಲ್ಲಿ ಇಡಿ. ಉತ್ಸವದ ಚಾರ್ಜಿಂಗ್ ಕೌಂಟರಿನಲ್ಲಿ ಅಪರಿಚಿತ ಯುಎಸ್‌ಬಿ ಕೇಬಲ್ಲಿಗೆ ಸಿಕ್ಕಿಸುವ ಬದಲು ನಿಮ್ಮದೇ ಅಡಾಪ್ಟರ್ ಕೊಡಿ. ಫೋನ್ ‘ಈ ಸಾಧನವನ್ನು ನಂಬಬೇಕಾ’ ಅಂತ ಕೇಳಿದರೆ ಬೇಡ ಅನ್ನಿ.

ಬಿಸಿಲು, ನೀರು, ಧೂಳಿನ ಬಗ್ಗೆ ಜನ ಜಾಸ್ತಿ ಹೆದರುತ್ತಾರೆ, ಅಷ್ಟು ಬೇಕಿಲ್ಲ. ಐಫೋನನ್ನು 0ರಿಂದ 35 ಡಿಗ್ರಿಯೊಳಗೆ ಬಳಸಿ ಅನ್ನುತ್ತದೆ ಆ್ಯಪಲ್, ಬಿಸಿಲಿಗಿಟ್ಟ ಮುಚ್ಚಿದ ಟೆಂಟ್ ಅದನ್ನು ಸುಲಭವಾಗಿ ದಾಟುತ್ತದೆ. ಕಾದ ಫೋನನ್ನು ನೆರಳಿಗೆ ತನ್ನಿ, ಕವರ್ ತೆಗೆಯಿರಿ. ಐಸಿನ ಡಬ್ಬದಲ್ಲಿಟ್ಟರೆ ಒಳಗೇ ತೇವ ಕಟ್ಟುತ್ತದೆ. ನೀರು-ಧೂಳು ತಡೆಯುತ್ತದೆ ಅನ್ನುವ ಐಪಿ68 ಗುರುತಿಗೆ ಪರೀಕ್ಷೆ ಮಾಡುವುದು ಹೊಸ ಫೋನಿನ ಮೇಲೆ, ಲ್ಯಾಬಿನ ಶುದ್ಧ ನೀರಿನಲ್ಲಿ. ಬಿದ್ದು ಎದ್ದ ಫೋನಿನ ಮೇಲೆ ಚೆಲ್ಲಿದ ಸೋಡಾಕ್ಕೆ ಅದು ಗ್ಯಾರಂಟಿ ಅಲ್ಲ. ಮಳೆ ಬಂದರೆ ಜಿಪ್ ಇರುವ ಪ್ಲಾಸ್ಟಿಕ್ ಚೀಲ ಸಾಕು. ಒದ್ದೆಯಾದರೆ ಚಾರ್ಜ್ ಹಾಕಬೇಡಿ. ಪೋರ್ಟ್ ಕೆಳಗೆ ಮಾಡಿ ಮೆತ್ತಗೆ ತಟ್ಟಿ, ಗಾಳಿಗೆ ಬಿಡಿ. ಅಕ್ಕಿಯಲ್ಲಿ ಹೂತಿಡಬೇಡಿ, ಅದರ ಕಣ ಒಳಗೆ ಸೇರಿ ಇನ್ನೊಂದು ತಲೆನೋವು.

ಸದ್ದು ಒಡೆಯುವುದು ಫೋನಿನ ದೋಷವಲ್ಲ. ಅದರ ಪುಟ್ಟ ಮೈಕಿಗೆ ಒಂದು ಮಿತಿ ಇದೆ, ದೊಡ್ಡ ಸ್ಪೀಕರಿನ ಮುಂದೆ ಬೇಸ್ ಆ ಮಿತಿ ದಾಟಿದಾಗ ಅಲೆಯ ತುದಿ ಕತ್ತರಿಸಿ ಹೋಗುತ್ತದೆ. ಹಾಗೆ ಹೋದದ್ದನ್ನು ಯಾವ ಆ್ಯಪೂ ಪೂರ್ತಿ ವಾಪಸ್ ತರುವುದಿಲ್ಲ. ಸ್ಪೀಕರಿನಿಂದ ಹಿಂದೆ ಸರಿಯಿರಿ. ಸೌಂಡ್ ಇಂಜಿನಿಯರ್ ಕೂತಿರುವ ಜಾಗದ ಹತ್ತಿರ ನಿಂತರೆ ನಿಮ್ಮ ಕಿವಿಗೂ ಒಳ್ಳೆಯದು, ರೆಕಾರ್ಡಿಂಗಿಗೂ ಒಳ್ಳೆಯದು. ಕೆಲವು ಆಂಡ್ರಾಯ್ಡ್ ಫೋನುಗಳ ಪ್ರೊ ವಿಡಿಯೋ ಮೋಡಿನಲ್ಲಿ ಮೈಕಿನ ಮಟ್ಟ ಇಳಿಸಬಹುದು. ಫೋನಿನ ಕೆಳತುದಿಯ ಮೈಕನ್ನು ಬೆರಳು ಮುಚ್ಚದ ಹಾಗೆ ಹಿಡಿಯಿರಿ. ಗಾಯಕನ ಮುಖದ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್, ಬೆಳಕು ಎರಡೂ ಲಾಕ್ ಆಗುತ್ತವೆ, ದೀಪ ಬದಲಾದಾಗಲೆಲ್ಲ ವಿಡಿಯೋ ಮಿಣುಕುವುದಿಲ್ಲ. ಐಫೋನಿನಲ್ಲಿ 4ಕೆ, 60 ಫ್ರೇಮ್ ವಿಡಿಯೋ ನಿಮಿಷಕ್ಕೆ ಸುಮಾರು 400 ಎಂಬಿ ತಿನ್ನುತ್ತದೆ, 1080ಪಿ, 30 ಫ್ರೇಮಿನದ್ದು ಸುಮಾರು 60. ರಾತ್ರಿ ಹೊತ್ತು, ದೂರದಿಂದ, ಎರಡನೆಯದೇ ಸಾಕು. ಲೇಸರ್ ಕಿರಣ ನೇರ ಲೆನ್ಸಿಗೆ ಬೀಳುವ ಕಡೆ ಮಾತ್ರ ಕ್ಯಾಮೆರಾ ತಿರುಗಿಸಬೇಡಿ. ಸೆನ್ಸರ್ ಸುಟ್ಟರೆ ಆಮೇಲೆ ತೆಗೆದ ಪ್ರತಿ ಫೋಟೊದಲ್ಲೂ ಅದೇ ಗೆರೆ, ಅದೇ ಚುಕ್ಕಿ. ಮತ್ತೆ, ದಯವಿಟ್ಟು ಇಡೀ ಹಾಡು ಕೈ ಎತ್ತಿ ನಿಲ್ಲಬೇಡಿ, ಹಿಂದೆ ಕುಳ್ಳಗಿರುವ ನಮ್ಮಂಥವರೂ ಟಿಕೆಟ್ ಕೊಂಡಿರುತ್ತೇವೆ.

ಅಷ್ಟಾದರೂ ಕಳೆಯಿತು ಅಂದುಕೊಳ್ಳಿ. ಅದನ್ನು ಹುಡುಕಲು ಗೆಳೆಯನ ಫೋನಿನಿಂದ ಗೂಗಲ್‌ಗೆ ಲಾಗಿನ್ ಆಗಲು ಹೋದರೆ ಕೋಡ್ ಕಳೆದ ಫೋನಿಗೇ ಹೋಗಬಹುದು! ಅದಕ್ಕೆ ಅದರ ಬದಲು ಬಳಸಲು ಗೂಗಲ್ ಕೊಡುವ ಬ್ಯಾಕಪ್ ಕೋಡುಗಳನ್ನು ಮೊದಲೇ ಕಾಗದದ ಮೇಲೆ ಬರೆದು ಪರ್ಸಿನಲ್ಲಿಡಿ. ಐಫೋನ್ ಆದರೆ, ಆ್ಯಪಲ್‌ನ ಐಕ್ಲೌಡ್ ಸೈಟಿನ ಫೋನ್ ಹುಡುಕುವ ಪುಟಕ್ಕೆ ಅಂಥ ಕೋಡ್ ಬೇಡ, ಪಾಸ್‌ವರ್ಡ್ ನೆನಪಿದ್ದರೆ ಸಾಕು. ಮೊದಲು ‘ಕಳೆದಿದೆ’ ಅಂತ ಗುರುತು ಹಾಕಿ ಲಾಕ್ ಮಾಡಿ, ಆಮೇಲೆ ಸಿಮ್ ಬ್ಲಾಕ್, ಬ್ಯಾಂಕಿಗೆ ಕರೆ. ಮ್ಯಾಪಿನಲ್ಲಿ ಚುಕ್ಕಿ ಕಂಡಿತು ಅಂತ ಒಬ್ಬರೇ ಹೋಗಿ ಜಗಳ ತೆಗೆಯಬೇಡಿ, ಸೆಕ್ಯುರಿಟಿಯವರನ್ನು ಕರೆದುಕೊಂಡು ಹೋಗಿ. ಕೆಲವು ದಿನ ಬಿಟ್ಟು ‘ನಿಮ್ಮ ಫೋನ್ ಸಿಕ್ಕಿದೆ, ಈ ಲಿಂಕ್ ಒತ್ತಿ’ ಅಂತ ಮೆಸೇಜ್ ಬರಬಹುದು. ಕಳಿಸಿದವನು ಕಳ್ಳನೇ, ಅವನಿಗೆ ಬೇಕಾಗಿರುವುದು ನಿಮ್ಮ ಪಾಸ್‌ವರ್ಡ್. ನಿಮ್ಮ ಅಕೌಂಟಿನಿಂದ ಆ ಫೋನನ್ನು ತೆಗೆದುಹಾಕಿ ಅಂತ ಯಾರು ಹೇಳಿದರೂ ಮಾಡಬೇಡಿ. ಅದು ಅಕೌಂಟಿನಲ್ಲಿ ಇರುವ ತನಕ ಬೇರೆಯವರು ಅದನ್ನು ಹೊಸದಾಗಿ ಶುರು ಮಾಡಿ ಬಳಸಲಾರರು.

ಬಟನ್ ಫೋನನ್ನು ಎರಡನೆಯದಾಗಿ ಬ್ಯಾಗಿನಲ್ಲಿ ಇಟ್ಟುಕೊಳ್ಳುವುದಾದರೆ ಒಳ್ಳೆಯದೇ, ಅದರ ಚಾರ್ಜ್ ಮೂರು ದಿನ ಆರಾಮಾಗಿ ಬರುತ್ತದೆ. ಆದರೆ ಎಷ್ಟೋ ದೇಶಗಳಲ್ಲಿ 2ಜಿ, 3ಜಿ ಮುಚ್ಚಿದ್ದಾರೆ, ತೀರಾ ಹಳೆಯದು ಟವರನ್ನೇ ಹಿಡಿಯದಿರಬಹುದು. ಹೊರಡುವ ಮುಂಚೆ ಸಿಮ್ ಹಾಕಿ ಯಾರಿಗಾದರೂ ಒಂದು ಕಾಲ್ ಮಾಡಿ ನೋಡಿ.