ಕೀಬೋರ್ಡಿನಲ್ಲಿ ಸ್ಟ್ರಿಂಗ್ಸ್ ಪಟ್ಟಂತ ನಿಲ್ಲದೆ ಮೆಲ್ಲಗೆ ಇಳಿಯಬೇಕಾದರೆ ಏನು ಮಾಡಬೇಕು?

ತುಳು ನಾಟಕಕ್ಕೆ ಹಿನ್ನೆಲೆ ನುಡಿಸುವಾಗ ಕೈ ಎತ್ತಿದ ಕೂಡಲೇ ಸ್ಟ್ರಿಂಗ್ಸ್ (ಪಿಟೀಲು ಗುಂಪಿನಂಥ ಸ್ವರ) ಪಟ್ಟಂತ ನಿಲ್ಲುತ್ತದೆ, ವಾಲ್ಯೂಮ್ ನಾಬ್ ತಿರುಗಿಸಿದರೆ ಮೆಟ್ಟಿಲು ಇಳಿದ ಹಾಗೆ ಕೇಳುತ್ತದೆ ಅಂತ ಬರೆದಿದ್ದೀರಿ. ನಾನೂ ಮಂಗಳೂರಿನಲ್ಲಿ ನಾಟಕಗಳಿಗೆ ನುಡಿಸುವವನೇ. ಇವೆರಡೂ ಬೇರೆ ಬೇರೆ ತೊಂದರೆ ಮಾರಾಯ್ರೇ, ಎರಡನ್ನೂ ವಾಲ್ಯೂಮ್‌ನಿಂದಲೇ ಸರಿ ಮಾಡಲು ಹೋಗಬೇಡಿ.

ಕೈ ಎತ್ತಿದ ಮೇಲೆ ಸ್ವರ ಎಷ್ಟು ಹೊತ್ತು ಉಳಿಯಬೇಕು ಅನ್ನುವುದು ರಿಲೀಸ್‌ನ ಕೆಲಸ. ಟೋನ್ ಎಡಿಟ್‌ಗೆ, ಅಂದರೆ ಸ್ವರವನ್ನು ತಿದ್ದುವ ಮೆನುವಿಗೆ ಹೋಗಿ. ಸದ್ದಿನ ಏರಿಳಿತ ನೋಡಿಕೊಳ್ಳುವ ಭಾಗಕ್ಕೆ ರೋಲ್ಯಾಂಡ್‌ನಲ್ಲಿ ಟಿವಿಎ, ಯಮಹಾದಲ್ಲಿ ಎಇಜಿ, ಕೋರ್ಗ್‌ನಲ್ಲಿ ಆಂಪ್ ಇಜಿ ಅಂತ ಇರುತ್ತದೆ. ಅದರೊಳಗೆ ರಿಲೀಸ್ ಜಾಸ್ತಿ ಮಾಡಿ. ಅಲ್ಲಿ ಕಾಣುವ ಅಂಕಿ ಸೆಕೆಂಡ್ ಅಲ್ಲ, ಒಂದು ಕೀಬೋರ್ಡಿನ 70 ಇನ್ನೊಂದರ 70 ಆಗುವುದಿಲ್ಲ. ಕಿವಿಯಿಂದಲೇ ನೋಡಿಕೊಳ್ಳಿ. ನಾಟಕದ ಬೇಸರದ ದೃಶ್ಯಕ್ಕೆ ಎರಡು ಮೂರು ಸೆಕೆಂಡ್ ಬಾಲ ಸಾಕು. ಅದಕ್ಕಿಂತ ಉದ್ದವಾದರೆ ಹಳೆಯ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳು) ಹೊಸ ಕಾರ್ಡ್ ಮೇಲೆ ಬಿದ್ದು ಎಲ್ಲ ಕಲಸಿಹೋಗುತ್ತದೆ.

ರಿಲೀಸ್ ಏರಿಸಿದರೂ ಸ್ವರ ಬೇಗ ಸಾಯುತ್ತದೆ ಅಂತಾದರೆ ಸ್ವರದ ಚುರುಕನ್ನು ಕಮ್ಮಿ ಜಾಸ್ತಿ ಮಾಡುವ ಫಿಲ್ಟರ್ ನೋಡಿ. ಹೆಚ್ಚಿನವರು ಇಲ್ಲಿಗೆ ಬರುವುದೇ ಇಲ್ಲ. ಫಿಲ್ಟರಿಗೂ ಬೇರೆಯೇ ಒಂದು ಎನ್ವಲಪ್ (ಹೊತ್ತು ಹೋದಂತೆ ಏರಿಳಿತ ಹೇಗಿರಬೇಕು ಅನ್ನುವ ಸೆಟ್ಟಿಂಗ್) ಇದೆ, ಅದಕ್ಕೂ ರಿಲೀಸ್ ಇದೆ. ಅದು ಚಿಕ್ಕದಿದ್ದರೆ ಕೈ ಎತ್ತಿದ ತಕ್ಷಣ ಫಿಲ್ಟರ್ ಮುಚ್ಚಿಕೊಳ್ಳಬಹುದು. ಆಮೇಲೆ ಆಂಪ್ (ಸದ್ದಿನ ಭಾಗ) ತೆರೆದೇ ಇದ್ದರೂ ಹೊರಗೆ ಬರಲು ಏನೂ ಉಳಿದಿರುವುದಿಲ್ಲ. ಎರಡನ್ನೂ ಹತ್ತಿರ ಹತ್ತಿರ ಇಡಿ, ಫಿಲ್ಟರ್ ಸ್ವಲ್ಪ ಮೊದಲು ಮುಗಿಯಲಿ. ಪಿಯಾನೋ, ವೀಣೆ ಯಾವುದೇ ಕೇಳಿ ನೋಡಿ, ಸ್ವರ ಇಳಿಯುವಾಗ ಅದರ ಚುರುಕು ಮೊದಲು ಹೋಗುತ್ತದೆ, ಸದ್ದು ಆಮೇಲೆ. ಕಿವಿಗೆ ಅದೇ ಸಹಜ. ಟೋನ್‌ನಲ್ಲಿ ಎರಡು ಮೂರು ಪಾರ್ಶಿಯಲ್ (ಸ್ವರದ ಪದರ) ಇದ್ದರೆ ಪ್ರತಿಯೊಂದಕ್ಕೂ ಇದನ್ನು ಮಾಡಬೇಕು, ಇಲ್ಲದಿದ್ದರೆ ಒಂದು ಪದರ ಮೊದಲೇ ಕಡಿದುಹೋಗುತ್ತದೆ.

ಇನ್ನು ಮೆಟ್ಟಿಲಿನ ವಿಷಯ. ಕೀಬೋರ್ಡುಗಳು ಬಳಸುವ ಸಂಕೇತ ಭಾಷೆ ಮಿಡಿಯಲ್ಲಿ ವಾಲ್ಯೂಮ್ ಸಾಮಾನ್ಯವಾಗಿ 0ಯಿಂದ 127ರವರೆಗೆ, ಅಷ್ಟೇ. ಜನರಲ್ ಮಿಡಿ ಅನ್ನುವ ಸಾಮಾನ್ಯ ನಿಯಮ ಹೇಳುವ ಲೆಕ್ಕದಲ್ಲಿ 127ರಿಂದ 64ಕ್ಕೆ ಇಳಿದರೆ ಸುಮಾರು 12 ಡೆಸಿಬೆಲ್ ಕಮ್ಮಿಯಾಗುತ್ತದೆ. 2ರಿಂದ 1ಕ್ಕೆ ಇಳಿದರೂ ಅದೇ 12 ಡೆಸಿಬೆಲ್! ಅಂದರೆ ಮೇಲಿನ ಅರ್ಧಕ್ಕೆ ಅರವತ್ತಕ್ಕೂ ಜಾಸ್ತಿ ಸಣ್ಣ ಹೆಜ್ಜೆಗಳು, ಕೆಳಗೆ ಒಂದೇ ಹೆಜ್ಜೆಗೆ ಅಷ್ಟೇ ಇಳಿತ. ನೀವು ಕೇಳುತ್ತಿರುವುದು ಅದನ್ನೇ. ಕೆಲವು ಕೀಬೋರ್ಡ್ ಒಳಗೊಳಗೇ ಇದನ್ನು ನಯ ಮಾಡುತ್ತವೆ, ಎಲ್ಲವೂ ಅಲ್ಲ.

ಹಾಗಾಗಿ ಸೊನ್ನೆಯವರೆಗೆ ಕೈಯಲ್ಲೇ ಇಳಿಸಬೇಡಿ. ಒಂದು ಎಕ್ಸ್‌ಪ್ರೆಶನ್ ಪೆಡಲ್ (ಕಾಲಿನಲ್ಲಿ ಸದ್ದು ಏರಿಸಿ ಇಳಿಸುವುದು) ತೆಗೆದುಕೊಳ್ಳಿ, ಅದನ್ನು ಮಿಡಿಯ ಕಂಟ್ರೋಲ್ ನಂಬರ್ 11ಕ್ಕೆ, ಅಂದರೆ ಎಕ್ಸ್‌ಪ್ರೆಶನ್‌ಗೆ ಕೊಡಿ. 7ನೇ ನಂಬರ್ ವಾಲ್ಯೂಮ್, ಅದನ್ನು ಸ್ವರಗಳ ಬ್ಯಾಲೆನ್ಸ್‌ಗೆ ಹಾಗೇ ಬಿಡಿ. ಪೆಡಲ್ ಇಳಿಸುವಾಗ ಮೇಲಿನ ಅರ್ಧ ಸ್ವಲ್ಪ ಬೇಗ, ಕೆಳಗೆ ಬರುತ್ತಾ ನಿಧಾನ. ಪೆಡಲ್ ತಳ ಮುಟ್ಟುವ ಮೊದಲೇ ಕೈ ಎತ್ತಿ, ಉಳಿದದ್ದನ್ನು ರಿಲೀಸ್ ಮತ್ತು ರಿವರ್ಬ್ (ಮಾರ್ದನಿ) ನೋಡಿಕೊಳ್ಳುತ್ತವೆ. ನನ್ನ ಪ್ರಕಾರ ಇದೊಂದು ಅಭ್ಯಾಸ ಸಾಕು, ನಟ ಮಾತು ಶುರು ಮಾಡುವಾಗ ಸಂಗೀತ ಯಾವಾಗ ಹೋಯಿತು ಅಂತಲೇ ಗೊತ್ತಾಗುವುದಿಲ್ಲ. ಪೆಡಲ್ ಕೊಳ್ಳುವಾಗ ನಿಮ್ಮ ಮಾಡೆಲ್ ಹೇಳಿಯೇ ಕೊಳ್ಳಿ, ಕಂಪನಿಯಿಂದ ಕಂಪನಿಗೆ ಪಿನ್ ವೈರಿಂಗ್ ಬೇರೆ ಇರುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಅದನ್ನು ಸುಮ್ನೆ ಮೂಲೆಯಲ್ಲಿ ಬಿಟ್ಟರೆ ಒಳಗಿನ ಪಾಟ್ (ತಿರುಗುವ ರೆಸಿಸ್ಟರ್) ಕರಕರ ಅನ್ನಲು ಶುರು. ಚೀಲದೊಳಗೆ ಇಡಿ.

ಸೌಂಡ್‌ನವರಿಗೂ ಒಂದು ಮಾತು ಹೇಳಿ: ದೃಶ್ಯದ ಕೊನೆಗೆ ಮಿಕ್ಸರ್‌ನಲ್ಲಿ ನಿಮ್ಮ ಫೇಡರ್ ಎಳೆಯುವುದು ಬೇಡ. ಎಳೆದರೆ ಕೀಬೋರ್ಡಿನೊಳಗಿನ ರಿವರ್ಬ್ ಬಾಲವೂ ಅದರ ಜೊತೆಗೇ ಹೋಗುತ್ತದೆ. ಟೌನ್ ಹಾಲ್‌ನಂಥ ಕಡೆ ಗೋಡೆಗಳೇ ಸ್ವಲ್ಪ ಬಾಲ ಕೊಡುತ್ತವೆ, ಶಾಲೆಯ ಮೈದಾನದ ಸ್ಟೇಜಿನಲ್ಲಿ ಅದೂ ಇಲ್ಲ. ಬಯಲಿಗೆ ರಿಲೀಸ್ ಉದ್ದವಿರುವ ಬೇರೆ ಪ್ಯಾಚ್ (ಉಳಿಸಿಡುವ ಸ್ವರದ ಸೆಟ್ಟಿಂಗ್) ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ರಿಲೀಸ್ ಉದ್ದ ಮಾಡಿದಾಗ ಪಾಲಿಫೋನಿ, ಅಂದರೆ ಕೀಬೋರ್ಡ್ ಒಟ್ಟಿಗೆ ಎಷ್ಟು ವಾಯ್ಸ್ (ಧ್ವನಿ) ಹೊರಡಿಸಬಲ್ಲದು ಅನ್ನುವುದು ಕೂಡ ಲೆಕ್ಕಕ್ಕೆ ಬರುತ್ತದೆ. ಒಂದು ಕೀಗೆ 8 ವಾಯ್ಸ್ ತಿನ್ನುವ ಟೋನ್ ಆದರೆ, 64 ವಾಯ್ಸ್‌ನ ಕೀಬೋರ್ಡಿನಲ್ಲಿ ಎಂಟೇ ಸ್ವರ. ಬಾಲಗಳೂ ಅದರಲ್ಲೇ ಸೇರಿದವು. ನಾಲ್ಕು ಸ್ವರದ ಕಾರ್ಡ್ ಎರಡು ಸಲ ಬದಲಾಯಿಸಿದರೆ ಹಳೆಯದು ಮತ್ತೆ ಪಟ್ಟಂತ ಕಡಿಯುತ್ತದೆ. ಆಗ ಒಂದು ಪಾರ್ಶಿಯಲ್ ಆಫ್ ಮಾಡಿ.

ಎಲ್ಲ ಸರಿಯಾದ ಮೇಲೆ ಯೂಸರ್ ಮೆಮೊರಿಗೆ ರೈಟ್ ಮಾಡಿ, ಆಮೇಲೆ ಸ್ವಿಚ್ ಆಫ್ ಮಾಡಿ. ಹೆಚ್ಚಿನ ಕೀಬೋರ್ಡ್‌ಗಳಲ್ಲಿ ಬರೆಯದ ಎಡಿಟ್ ಕರೆಂಟ್ ಹೋದರೆ ಉಳಿಯುವುದಿಲ್ಲ, ನಾಟಕದ ನಡುವೆ ಕರೆಂಟ್ ಹೋಗುವುದೂ ಇಲ್ಲಿ ಹೊಸದೇನಲ್ಲ ಅಲ್ವಾ.